ಥಿಬಾ ರಾಜನ ಮೂವತ್ತು ವರ್ಷ

ಊರಿಗೆ ಹೋಗುವ ರೈಲು ರತ್ನಾಗಿರಿಯಲ್ಲಿ ನಿಂತಾಗ ನಾವೆಲ್ಲ ಏನು ಮಾಡುತ್ತೇವೆ? ವಡಾ-ಪಾವ್ ಕೊಳ್ಳುತ್ತೇವೆ, ಮೇ ತಿಂಗಳಾದರೆ ಆಪೂಸ್ ಮಾವಿನ ಬೆಲೆ ಕೇಳಿ ಸುಮ್ಮನಾಗುತ್ತೇವೆ. ಹೋದ ರಜೆಯಲ್ಲಿ ನಾನು ಅಲ್ಲಿ ಇಳಿದುಬಿಟ್ಟೆ. ರಿಕ್ಷಾದವನಿಗೆ ‘ಥಿಬಾ ಪ್ಯಾಲೇಸ್’ ಅಂದರೆ ಸಾಕಾಯಿತು. ಗುಡ್ಡದ ಮೇಲೆ ಕೆಂಪು ಕಟ್ಟಡ, ಇಳಿಜಾರು ಮಾಡು, ಒಳಗೆ ಸರಕಾರದ ವಸ್ತುಸಂಗ್ರಹಾಲಯ. ಹೆಸರಿಗೆ ಅರಮನೆ. ಆದರೆ ಕಟ್ಟಿಸಿದ್ದು ಅದರಲ್ಲಿ ವಾಸವಾಗಿದ್ದ ರಾಜನಲ್ಲ, ಅವನನ್ನು ಸೆರೆಹಿಡಿದು ತಂದ ಇಂಗ್ಲಿಷರು. ಮುಂಬಯಿಗೆ ವಾಪಸಾದ ಮೇಲೂ ಇದು ತಲೆಯಿಂದ ಹೋಗಲಿಲ್ಲ. ಪರೀಕ್ಷೆಗೆ ಓದಬೇಕಾದ್ದನ್ನು ಬದಿಗಿಟ್ಟು ಲೈಬ್ರರಿಯಲ್ಲಿ ಇವನ ಕಥೆ ಓದುತ್ತ ಕುಳಿತೆ.

ಥಿಬಾ ಹುಟ್ಟಿದ್ದು 1859ರಲ್ಲಿ. ತಂದೆ ಬರ್ಮಾದ ದೊರೆ ಮಿಂಡೋನ್. ಆ ದೊರೆಗೆ ಹತ್ತಾರು ರಾಣಿಯರು, ನೂರಕ್ಕೂ ಮೇಲೆ ಮಕ್ಕಳು. ಥಿಬಾನ ತಾಯಿ ದೊರೆಗೆ ಬೇಡವಾಗಿ ಅರಮನೆಯಿಂದ ಹೊರಬಿದ್ದು ಸನ್ಯಾಸಿನಿಯಾದವಳು. ಹುಡುಗ ಬೌದ್ಧ ವಿಹಾರದಲ್ಲಿ ಓದಿ, ಪಾಲಿ ಗ್ರಂಥಗಳ ಪರೀಕ್ಷೆ ಪಾಸು ಮಾಡಿ ತಂದೆಯ ಮೆಚ್ಚುಗೆ ಪಡೆದ. ಹಾಗೇ ಬಿಟ್ಟಿದ್ದರೆ ಒಳ್ಳೆಯ ಭಿಕ್ಷುವಾಗುತ್ತಿದ್ದನೋ ಏನೋ. ಆದರೆ 1878ರಲ್ಲಿ ದೊರೆ ಕಾಯಿಲೆ ಬಿದ್ದ. ಗಂಡುಮಕ್ಕಳಿಲ್ಲದ ಒಬ್ಬ ರಾಣಿ, ಬಿಳಿಯಾನೆಯ ಒಡತಿ ಎಂಬ ಬಿರುದಿನವಳು, ತನ್ನ ಮಾತು ಕೇಳುವ ಅಳಿಯನನ್ನು ಹುಡುಕುತ್ತಿದ್ದಳು. ಮಂತ್ರಿಗಳಿಗೂ ಮೆತ್ತಗಿನ ರಾಜನೇ ಬೇಕಿತ್ತು. ತಂದೆ ನೋಡಬೇಕೆನ್ನುತ್ತಿದ್ದಾನೆ ಅಂತ ಉಳಿದ ರಾಜಕುಮಾರರನ್ನು ಕರೆಸಿ ಸೆರೆಗೆ ಹಾಕಿದರು. ಹತ್ತೊಂಬತ್ತರ ಹುಡುಗ ಗಾದಿ ಏರಿದ. ಆ ರಾಣಿಯ ಮಗಳು ಸುಪಯಾಲತ್ ಪಟ್ಟದರಸಿಯಾದಳು. ಸಂಬಂಧದಲ್ಲಿ ಅವಳು ಇವನಿಗೆ ಮಲತಂಗಿ. ಅಲ್ಲಿನ ರಾಜಮನೆತನದಲ್ಲಿ ಅದು ರೂಢಿ.

1879ರ ಫೆಬ್ರವರಿಯಲ್ಲಿ ಆ ಸೆರೆಯಲ್ಲಿದ್ದವರನ್ನು ಕೊಂದರು. ಸುಮಾರು ಎಂಬತ್ತು ಜನ, ಅವರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ರಾಜರಕ್ತ ನೆಲಕ್ಕೆ ಬೀಳಬಾರದು ಎಂಬ ನಿಯಮಕ್ಕಾಗಿ ಕತ್ತಿ ಬಳಸಲಿಲ್ಲ. ಹೊಡೆದು, ಕುತ್ತಿಗೆ ಹಿಸುಕಿ ಮುಗಿಸಿ ಗುಂಡಿಗೆ ಹಾಕಿದರು. ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ. ರತ್ನಾಗಿರಿಯಲ್ಲಿ ಅಯ್ಯೋ ಪಾಪ ಅಂದುಕೊಂಡಿದ್ದು ಇಂಥವನಿಗಾ? ಅತ್ತೆ ಮತ್ತು ಹೆಂಡತಿ ಮಾಡಿಸಿದ್ದು ಅಂತಲೇ ಬರೆದವರು ಬಹಳ. ಅವನಿಗೆಷ್ಟು ತಿಳಿದಿತ್ತು ಎಂಬ ಚರ್ಚೆ ಮುಗಿದಿಲ್ಲ. ಇರಲಿ, ಸಿಂಹಾಸನದ ಮೇಲೆ ಕೂತವನು ಅವನೇ ತಾನೆ? ತಿಳಿದಿರಲಿಲ್ಲ ಅನ್ನುವ ನೆಪ ನನಗಂತೂ ಸಾಲದು.

ಅವನನ್ನು ಕೆಳಗಿಳಿಸಿದ್ದು ಮಾತ್ರ ಈ ಕೊಲೆಗಳಲ್ಲ, ಮರ. ಅದೂ ನಮ್ಮ ಮುಂಬಯಿಯ ಕಂಪೆನಿ ಕಡಿದ ಮರ! ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ ಅಲ್ಲಿನ ಕಾಡಿನಲ್ಲಿ ತೇಗ ಕಡಿಯುತ್ತಿತ್ತು. ಲೆಕ್ಕಕ್ಕಿಂತ ಹೆಚ್ಚು ಸಾಗಿಸಿದೆ ಅಂತ 1885ರಲ್ಲಿ ಮಂಡಾಲೆಯ ದರಬಾರು ಸುಮಾರು 23 ಲಕ್ಷ ರೂಪಾಯಿ ದಂಡ ಹಾಕಿತು. ಥಿಬಾ ಫ್ರೆಂಚರ ಸ್ನೇಹಕ್ಕೆ ಕೈಚಾಚುತ್ತಿದ್ದುದು ಇಂಗ್ಲಿಷರಿಗೆ ಮೊದಲೇ ಕಣ್ಣುರಿ. ನೆಪ ಸಿಕ್ಕಿತು. ನವೆಂಬರಿನಲ್ಲಿ ಯುದ್ಧ ಶುರುವಾಗಿ ಎರಡೇ ವಾರದಲ್ಲಿ ಮುಗಿಯಿತು. 29ರಂದು ರಾಜ, ರಾಣಿ, ಮಕ್ಕಳನ್ನು ಎತ್ತಿನ ಗಾಡಿ ಹತ್ತಿಸಿ ನದಿಯಲ್ಲಿ ನಿಂತ ಹಡಗಿಗೆ ಸಾಗಿಸಿದರು. ದಾರಿಯುದ್ದಕ್ಕೂ ಪ್ರಜೆಗಳು ಮೊಣಕಾಲೂರಿ ಅತ್ತರಂತೆ. ಅವನಿಗೆ ಆಗ ಇಪ್ಪತ್ತಾರು ವರ್ಷ. ನಮ್ಮ ಎಂ.ಎ. ಅಣ್ಣಂದಿರಿಗಿಂತ ಎರಡು ಮೂರು ವರ್ಷ ದೊಡ್ಡವನು ಅಷ್ಟೆ.

ಮದರಾಸಿನಲ್ಲಿ ಕೆಲವು ತಿಂಗಳು ಇಟ್ಟರು. ಮೂರನೆಯ ಮಗಳು ಹುಟ್ಟಿದ್ದು ಅಲ್ಲಿ. 1886ರ ಏಪ್ರಿಲಿನಲ್ಲಿ ರತ್ನಾಗಿರಿಗೆ ತಂದರು. ರೈಲಿಲ್ಲದ, ಮಳೆಗಾಲದಲ್ಲಿ ಹಡಗೂ ನಿಲ್ಲುತ್ತಿದ್ದ ಊರು. ಸೆರೆಯಾಳನ್ನು ಇಡಲು ಇಂಗ್ಲಿಷರು ಸರಿಯಾಗಿಯೇ ಹುಡುಕಿದ್ದರು.

ಆಮೇಲೆ ಏನಾಯಿತು ಅಂದ್ರೆ, ಏನೂ ಆಗಲಿಲ್ಲ. ಮೂವತ್ತು ವರ್ಷ ಏನೂ ಆಗಲಿಲ್ಲ. ಬಂಗಲೆಯಲ್ಲಿ ವಾಸ, ಸರಕಾರ ಕೊಡುವ ಪಿಂಚಣಿ, ಅದು ಸಾಲದೆ ಸಾಲ. ತಂದಿದ್ದ ಮಾಣಿಕ್ಯಗಳು ಒಂದೊಂದಾಗಿ ಮಾರಿಹೋದವು. ವೈಸರಾಯಿಗೆ ಅರ್ಜಿ ಬರೆದದ್ದೇ ಬರೆದದ್ದು. ಒಬ್ಬ ವೈಸರಾಯಿ ಹೋಗಿ ಇನ್ನೊಬ್ಬ ಬಂದರೂ ಊರಿಗೆ ಮರಳುವ ಅಪ್ಪಣೆ ಬರಲಿಲ್ಲ. ಹೊಸ ಅರಮನೆ ಮುಗಿದು ಒಳಗೆ ಹೋದದ್ದು 1910ರಲ್ಲಿ, ಅವನ ಐವತ್ತೊಂದನೆಯ ವಯಸ್ಸಿಗೆ. ನಾಲ್ಕು ಹೆಣ್ಣುಮಕ್ಕಳು ಬೆಳೆದು ನಿಂತಿದ್ದರು. ರಾಜರಕ್ತದ ವರ ರತ್ನಾಗಿರಿಯಲ್ಲಿ ಎಲ್ಲಿಂದ ಬರಬೇಕು? ಕಿವಿ ಚುಚ್ಚುವ ಶಾಸ್ತ್ರ ಕೂಡ ನಡೆದದ್ದು 1914ರಲ್ಲಿ, ಕಿರಿಯವಳಿಗೇ ಇಪ್ಪತ್ತಾರು ದಾಟಿದ ಮೇಲೆ.

1916ರ ಡಿಸೆಂಬರಿನಲ್ಲಿ ಥಿಬಾ ತೀರಿಕೊಂಡ. ಕಾಯುವುದು ಅಲ್ಲಿಗೂ ಮುಗಿಯಲಿಲ್ಲ. ಬರ್ಮಾಕ್ಕೆ ಒಯ್ಯದೆ ಮಣ್ಣು ಮಾಡಲು ಬಿಡೆ ಅಂತ ಸುಪಯಾಲತ್ ಹಟ ಹಿಡಿದಳು. ಶವಪೆಟ್ಟಿಗೆ ಎರಡು ವರ್ಷಕ್ಕೂ ಮೇಲೆ ಹಾಗೇ ಇತ್ತು. ಕಡೆಗೆ 1919ರಲ್ಲಿ ಅದೇ ಊರಿನ ಮಣ್ಣಿಗೆ ಹೋಯಿತು. ಆ ವರ್ಷವೇ ರಾಣಿಯನ್ನು ರಂಗೂನಿಗೆ ಬಿಟ್ಟರು. ಅಲ್ಲೇ 1925ರಲ್ಲಿ ಸತ್ತಳು. ಮೊಗಲರ ಕೊನೆಯ ಬಾದಶಹ ಬಹಾದುರ್ ಶಾಹನನ್ನು ಇಂಗ್ಲಿಷರು ಸೆರೆಯಿಟ್ಟದ್ದೂ ರಂಗೂನಿನಲ್ಲೇ. 1862ರಲ್ಲಿ ಅವನು ಮಣ್ಣಾದದ್ದೂ ಅಲ್ಲೇ. ಇಲ್ಲಿಯವನು ಅಲ್ಲಿ, ಅಲ್ಲಿಯವನು ಇಲ್ಲಿ!

ದೊಡ್ಡ ಮಗಳ ಕಥೆ ಹೇಳದೆ ಬಿಡಲಾರೆ. ಅವಳು ಮನೆಯ ಕಾವಲಿನವನನ್ನು ಪ್ರೀತಿಸಿದಳು. ಅವನಿಗಾಗಲೇ ಮದುವೆಯಾಗಿತ್ತು. ಟುಟು ಎಂಬ ಹೆಣ್ಣುಮಗು ಹುಟ್ಟಿತು. ತಾಯಿ-ಮಗಳು ರಂಗೂನಿಗೆ ಹೋದರೂ ರತ್ನಾಗಿರಿಗೇ ತಿರುಗಿ ಬಂದರು. ರಾಜಕುಮಾರಿ 1947ರಲ್ಲಿ ಬಡತನದಲ್ಲೇ ಕಣ್ಣುಮುಚ್ಚಿದಳು. ಟುಟು ಊರವರಂತೆಯೇ ಮರಾಠಿ ಆಡಿಕೊಂಡು, ಸಂಸಾರ ಹೂಡಿ, ಮಕ್ಕಳನ್ನು ಸಾಕಿ 2000ದವರೆಗೂ ಬದುಕಿದ್ದಳು. 2012ರ ಡಿಸೆಂಬರಿನಲ್ಲಿ ಬರ್ಮಾದ ಅಧ್ಯಕ್ಷ ಥೀನ್ ಸೀನ್ ರತ್ನಾಗಿರಿಗೆ ಬಂದು ಥಿಬಾನ ಗೋರಿಗೆ ನಮಸ್ಕರಿಸಿದ.

ನಾನೂ ಆ ಗೋರಿಗೆ ಹೋಗಿದ್ದೆ. ಆಗ ಎಂಬತ್ತು ಜನರ ವಿಷಯ ತಿಳಿದಿರಲಿಲ್ಲ, ಕೈಮುಗಿದು ಬಂದೆ. ಈಗ ಹೋದರೆ ಮುಗಿಯುತ್ತೇನೋ ಇಲ್ಲವೋ, ಗೊತ್ತಿಲ್ಲ. ಮುಂದಿನ ರಜೆಗೆ ಊರಿಗೆ ಹೋಗುವಾಗ ಮತ್ತೆ ಇಳಿಯುವವನಿದ್ದೇನೆ. ಯಾರಾದರೂ ಜೊತೆಗೆ ಬರುತ್ತೀರಾ?