ಕಿದ್ವಾಯಿ ಎಂಬ ಹೆಸರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ಮಹನೀಯರೊಬ್ಬರ ಹೆಸರು ಒಂದು ವ್ಯಾಧಿಯ ಹೆಸರಾಗಿ ಬಳಕೆಗೆ ಬಂದಿರುವುದನ್ನು ವಾಚಕರು ಬಲ್ಲರು. ಇಂಥವರನ್ನು ಕಿದ್ವಾಯಿಗೆ ಕರೆದುಕೊಂಡು ಹೋಗಿದ್ದಾರಂತೆ ಎಂದು ಯಾರಾದರೂ ದನಿ ತಗ್ಗಿಸಿ ನುಡಿದರೆ, ಕೇಳಿದವರು ಮುಂದೆ ಪ್ರಶ್ನಿಸದೆ ನಿಟ್ಟುಸಿರಿಟ್ಟು ಸುಮ್ಮನಾಗುತ್ತಾರೆ. ಕ್ಯಾನ್ಸರ್ ಎಂಬ ಮಾತನ್ನು ಆಡಲು ಅಂಜುವ ಮನೆಗಳಲ್ಲಿ ಈ ಹೆಸರೇ ಆ ಮಾತಿನ ಸ್ಥಾನದಲ್ಲಿ ನಿಂತಿದೆ. ಆದರೆ ಈ ಹೆಸರನ್ನು ಧರಿಸಿದ್ದ ಪುರುಷರು ಯಾರೆಂಬುದನ್ನು ಬಹುಮಂದಿ ಅರಿಯರು. ಅವರ ಚರಿತ್ರೆಯನ್ನು ಸಂಗ್ರಹವಾಗಿ ನಿವೇದಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ರಫಿ ಅಹಮದ್ ಕಿದ್ವಾಯಿಯವರು ೧೮೯೪ನೆಯ ಇಸವಿ ಫೆಬ್ರವರಿ ೧೮ರಂದು ಇಂದಿನ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಮಸೌಲಿ ಗ್ರಾಮದಲ್ಲಿ, ಜಮೀನ್ದಾರಿ ಮನೆತನವೊಂದರಲ್ಲಿ ಜನಿಸಿದರು. ಅಲೀಘಡದಲ್ಲಿ ಪದವಿಯನ್ನು ಪಡೆದು ನ್ಯಾಯಶಾಸ್ತ್ರವನ್ನು ವ್ಯಾಸಂಗ ಮಾಡುತ್ತಿದ್ದಾಗ ಮಹಾತ್ಮ ಗಾಂಧಿಯವರ ಅಸಹಕಾರದ ಕರೆ ಬಂದಿತು. ವ್ಯಾಸಂಗವನ್ನು ಅಲ್ಲಿಗೇ ನಿಲ್ಲಿಸಿ ಅವರು ಚಳವಳಿಗೆ ಇಳಿದರು, ಸೆರೆಮನೆಯನ್ನೂ ಕಂಡರು. ಬಿಡುಗಡೆಯಾದ ಮೇಲೆ ಪಂಡಿತ ಮೋತೀಲಾಲ ನೆಹರೂ ಅವರಿಗೆ ಕಾರ್ಯದರ್ಶಿಗಳಾಗಿ, ೧೯೨೬ರಲ್ಲಿ ಸ್ವರಾಜ್ಯ ಪಕ್ಷದಿಂದ ಕೇಂದ್ರ ಶಾಸನಸಭೆಯನ್ನು ಪ್ರವೇಶಿಸಿದರು. ಉಪ್ಪಿನ ಸತ್ಯಾಗ್ರಹದ ಕಾಲಕ್ಕೆ ಆ ಸ್ಥಾನವನ್ನೂ ತ್ಯಜಿಸಿ, ರಾಯಬರೇಲಿಯ ರೈತರ ನಡುವೆ ನಿಂತು ಗೇಣಿ ನಿರಾಕರಣೆಯ ಚಳವಳಿಯನ್ನು ನಡೆಸಿದರು. ಜಮೀನ್ದಾರರ ಮನೆಯಲ್ಲಿ ಹುಟ್ಟಿದವರು ಜಮೀನ್ದಾರಿಯ ಬುಡಕ್ಕೇ ಕೈ ಹಾಕಿದರೆಂಬುದು ಗಮನಿಸತಕ್ಕ ಸಂಗತಿ. ೧೯೩೭ರಲ್ಲಿ ಗೋವಿಂದ ವಲ್ಲಭ ಪಂತರ ಸಚಿವಮಂಡಲದಲ್ಲಿ ಕಂದಾಯ ಖಾತೆಯನ್ನು ವಹಿಸಿಕೊಂಡು, ಗೇಣಿದಾರರಿಗೆ ರಕ್ಷಣೆ ನೀಡುವ ಕಾಯಿದೆಗಾಗಿ ಶ್ರಮಿಸಿದರು.

೧೯೪೭ರಲ್ಲಿ ದೇಶವು ಸ್ವತಂತ್ರವಾಯಿತು. ಜೊತೆಯಲ್ಲಿಯೇ ಇಬ್ಭಾಗವೂ ಆಯಿತು. ಆ ವರ್ಷದ ಗಲಭೆಗಳಲ್ಲಿ ಕಿದ್ವಾಯಿಯವರ ಸೋದರರಾದ ಷಫಿ ಅಹಮದರು ಮಸ್ಸೂರಿಯಲ್ಲಿ ಹತರಾದರು. ಇಂತಹ ದುಃಖವು ಮನುಷ್ಯನನ್ನು ಕಹಿಯಾಗಿಸುವುದು ಸಹಜ. ಕಿದ್ವಾಯಿಯವರು ಕಹಿಯಾಗಲಿಲ್ಲ; ತಮ್ಮ ನಾಡನ್ನೂ ಬಿಡಲಿಲ್ಲ. ಸ್ವತಂತ್ರ ಭಾರತದ ಮೊದಲ ಸಚಿವಮಂಡಲದಲ್ಲಿ ಸಂಪರ್ಕ ಖಾತೆಯನ್ನು ನಿರ್ವಹಿಸುತ್ತ ತಮ್ಮ ಕೆಲಸದಲ್ಲಿ ಮುಳುಗಿದರು. ೧೯೪೯ರಲ್ಲಿ ರಾತ್ರಿಯ ವಿಮಾನ ಅಂಚೆಯು ಆರಂಭವಾದುದು ಅವರ ಕಾಲದಲ್ಲಿಯೇ. ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಕೂಡಿ, ಟಪಾಲನ್ನು ಬದಲಾಯಿಸಿಕೊಂಡು ಬೆಳಗಾಗುವುದರೊಳಗೆ ಹಿಂತಿರುಗುತ್ತಿದ್ದವು.

೧೯೫೨ರಲ್ಲಿ ಆಹಾರ ಮತ್ತು ಕೃಷಿ ಖಾತೆಯು ಅವರ ಪಾಲಿಗೆ ಬಂದಿತು. ಪಡಿತರದ ಸಾಲುಗಳೂ ಪರದೇಶದ ಧಾನ್ಯವೂ ದೇಶದ ಚಿಂತೆಯಾಗಿದ್ದ ಕಾಲವದು. ಕ್ಷಾಮದ ಭಯದಿಂದಲೇ ಜನರು ಧಾನ್ಯವನ್ನು ಬಚ್ಚಿಡುತ್ತಾರೆ, ಬಚ್ಚಿಟ್ಟುದರಿಂದಲೇ ಅಭಾವವು ಬೆಳೆಯುತ್ತದೆ ಎಂಬುದನ್ನು ಅವರು ಕಂಡುಕೊಂಡರು. ನಿರ್ಬಂಧಗಳನ್ನು ಒಂದೊಂದಾಗಿ ಸಡಿಲಿಸಿದರು. ಮಳೆಯೂ ಸಹಾಯಕ್ಕೆ ಬಂದಿತು. ಧಾನ್ಯವು ಪೇಟೆಗೆ ಬಂದಿತು. ಭಯವು ಹಿಂದೆ ಸರಿಯಿತು.

ಉಬ್ಬಸದಿಂದ ನರಳುತ್ತಿದ್ದ ಈ ಸಚಿವರು ೧೯೫೪ರ ಅಕ್ಟೋಬರ್ ೨೪ರಂದು ದೆಹಲಿಯಲ್ಲಿ ಸಭೆಯೊಂದರಲ್ಲಿ ಮಾತನಾಡುತ್ತಿದ್ದಾಗ ಉಸಿರು ಕಟ್ಟಿ, ಹೃದಯವು ಸೋತು, ಅದೇ ದಿನ ತೀರಿಕೊಂಡರು. ಆಗ ಅವರಿಗೆ ೬೦ ವರ್ಷ. ಕೈಗೆ ಬಂದುದನ್ನೆಲ್ಲ ಕಷ್ಟದಲ್ಲಿದ್ದವರಿಗೆ ಕೊಟ್ಟು, ಹಿಂದೆ ಬಿಟ್ಟುಹೋದುದು ಸಾಲವನ್ನು ಮಾತ್ರ.

ಅವರ ಸ್ಮರಣಾರ್ಥವಾಗಿ ಹೆಸರಿಡಲಾದ ಕ್ಯಾನ್ಸರ್ ಆಸ್ಪತ್ರೆಯು ೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ, ೧೯೮೦ರಲ್ಲಿ ಪ್ರಾದೇಶಿಕ ಕೇಂದ್ರವೆಂಬ ಮನ್ನಣೆಯನ್ನು ಪಡೆಯಿತು. ಅಂದಿನಿಂದ ಇಂದಿನವರೆಗೆ ಚಿಕಿತ್ಸೆಯ ಸ್ವರೂಪವು ಬಹಳ ಮಾರ್ಪಟ್ಟಿದೆ. ಗಡ್ಡೆಗೆ ಮಾತ್ರ ತಾಗಿ, ಸುತ್ತಲಿನ ಅಂಗಗಳನ್ನು ಆದಷ್ಟು ಕಾಯುವಂತೆ ಕಿರಣಗಳನ್ನು ಹಾಯಿಸುವ ಯಂತ್ರಗಳು ಬಂದಿವೆ. ಒಂದಾನೊಂದು ಕಾಲಕ್ಕೆ ಕೈಬಿಡಲ್ಪಡುತ್ತಿದ್ದ ರಕ್ತದ ಕ್ಯಾನ್ಸರಿನ ಮಕ್ಕಳಲ್ಲಿ ಅನೇಕರು ಇಂದು ಗುಣಹೊಂದಿ ಶಾಲೆಗೆ ಮರಳುತ್ತಾರೆ. ರೋಗಿಯ ರಕ್ತಕಣಗಳನ್ನೇ ತೆಗೆದು, ರೋಗದೊಡನೆ ಹೋರಾಡುವಂತೆ ಸಜ್ಜುಗೊಳಿಸಿ ಮರಳಿ ದೇಹಕ್ಕೆ ಸೇರಿಸುವ ಚಿಕಿತ್ಸೆಯೊಂದು ನಮ್ಮ ದೇಶದಲ್ಲಿಯೇ ಸಿದ್ಧವಾಗಿ ೨೦೨೩ರಲ್ಲಿ ಅನುಮತಿ ಪಡೆಯಿತು.

ಇಷ್ಟೆಲ್ಲ ಇದ್ದರೂ ಸಕಾಲದಲ್ಲಿ ಹೋಗದವರಿಗೆ ಇವುಗಳಿಂದಾಗುವ ಪ್ರಯೋಜನವು ಅಲ್ಪ. ನಮಗೆ ಪರಿಚಿತರಾದ ರೇಷ್ಮೆ ಬೆಳೆಗಾರರೊಬ್ಬರು ಎಲೆ ಅಡಿಕೆ ಹೊಗೆಸೊಪ್ಪಿನ ಅಭ್ಯಾಸವುಳ್ಳವರು. ನಾಲಗೆಯ ಬದಿಯ ಹುಣ್ಣನ್ನು ಅವರು ಎಂಟು ತಿಂಗಳು ಮನೆಯವರಿಗೂ ತಿಳಿಸಲಿಲ್ಲ. ಕಾರಣವನ್ನು ಕೇಳಿದಾಗ, ತಿಳಿಸಿದರೆ ಕಿದ್ವಾಯಿಗೆ ಒಯ್ಯುತ್ತಾರೆಂಬ ಭಯವನ್ನೇ ಹೇಳಿದರು. ಹೋದಮೇಲೆ ನಾಲಗೆಯ ಬಹುಭಾಗವನ್ನು ಕಳೆದುಕೊಂಡು ಬದುಕಿ ಬಂದರು. ಮೊದಲ ತಿಂಗಳಲ್ಲಿಯೇ ಹೋಗಿದ್ದರೆ ಇಷ್ಟು ನಷ್ಟವಾಗುತ್ತಿರಲಿಲ್ಲವೆಂದು ವೈದ್ಯರ ಅಭಿಪ್ರಾಯ. ಧಾನ್ಯವನ್ನು ಬಚ್ಚಿಟ್ಟ ಭಯವೂ ಹುಣ್ಣನ್ನು ಬಚ್ಚಿಟ್ಟ ಭಯವೂ ಒಂದೇ ಜಾತಿಯವು. ಬಚ್ಚಿಟ್ಟಷ್ಟೂ ಕೇಡು ಬೆಳೆಯುತ್ತದೆ.

ಆದುದರಿಂದ ಪುರಜನರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮೂರು ವಾರವಾದರೂ ಮಾಯದ ಬಾಯಿಹುಣ್ಣನ್ನೂ, ಎದೆಯಲ್ಲಿ ಕೈಗೆ ಸಿಕ್ಕುವ ಗಂಟನ್ನೂ, ಮುಟ್ಟು ನಿಂತ ಹೆಂಗಸರಲ್ಲಿ ಮತ್ತೆ ಕಾಣುವ ರಕ್ತಸ್ರಾವವನ್ನೂ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು. ರೋಗಿಯ ಮನೆಯನ್ನು ನೆರೆಯವರು ದೂರವಿಡಬಾರದು. ಈ ರೋಗವು ಒಬ್ಬರಿಂದೊಬ್ಬರಿಗೆ ಅಂಟತಕ್ಕದ್ದಲ್ಲ. ಬೆಳಗಿನ ರೈಲಿನಲ್ಲಿ ಕಾಗದದ ಚೀಲವನ್ನು ಎದೆಗವಚಿಕೊಂಡು ಕುಳಿತ ರೋಗಿಗೂ, ದಿನದ ಕೂಲಿಯನ್ನು ಬಿಟ್ಟು ಜೊತೆಯಲ್ಲಿ ಹೊರಟ ಮಗನಿಗೂ ಒಂದಿಷ್ಟು ಸ್ಥಳವನ್ನೂ ಒಂದು ಸಮಾಧಾನದ ಮಾತನ್ನೂ ಕೊಡುವುದು ಯಾರಿಗೂ ಭಾರವಲ್ಲ.

ಅಧಿಕಾರಿ ಮಹಾಶಯರಲ್ಲಿಯೂ ಒಂದು ಮಾತು. ಬಡ ಕುಟುಂಬಗಳ ಚಿಕಿತ್ಸೆಗೆ ಸರಕಾರದ ನೆರವು ಉಂಟು. ಅದಕ್ಕೆ ಬೇಕಾದ ಕಾರ್ಡೂ ಶಿಫಾರಸು ಪತ್ರವೂ ಮೇಜಿನ ಮೇಲೆ ಒಂದು ವಾರ ಉಳಿದರೆ ಅದು ಕೇವಲ ಕಾಗದದ ವಿಳಂಬವಲ್ಲ, ರೋಗಕ್ಕೆ ಕೊಟ್ಟ ಅವಕಾಶ. ದೂರದ ಊರುಗಳ ಟಪಾಲನ್ನು ರಾತ್ರಿ ಕಳೆಯುವುದರೊಳಗೆ ತಲಪಿಸಬೇಕೆಂದು ಹಟ ಹಿಡಿದವರ ಹೆಸರು ಆ ಆಸ್ಪತ್ರೆಯ ಬಾಗಿಲ ಮೇಲಿದೆ. ಆ ಹೆಸರಿಗೆ ನಾವು ಅಂಜಬೇಕಾಗಿಲ್ಲ. ಅದಕ್ಕೆ ತಕ್ಕಂತೆ ತ್ವರೆಯಿಂದ ನಡೆದುಕೊಂಡರೆ ಸಾಕು.