ನಕ್ಷತ್ರಗಳ ಪ್ರಾಯವನ್ನು ಓದಲು ದಾರಿ ತೋರಿದ ವೈನು ಬಪ್ಪು

ತೆಂಗಿನ ಮರದ ಪ್ರಾಯವನ್ನು ಹೇಳುವುದು ನಮ್ಮ ಸೀಮೆಯವರಿಗೆ ಕಷ್ಟವಲ್ಲ. ಹಾಲ್ಕುರಿಕೆಯ ತೋಟಗಳಲ್ಲಿ ಯಾವ ಮರವನ್ನು ನೋಡಿದರೂ ಗರಿ ಉದುರಿದ ಕಡೆಯೆಲ್ಲ ಬಳೆಯಂಥ ಗುರುತು ಉಳಿದಿರುತ್ತದೆ. ವರ್ಷಕ್ಕೆ ಹನ್ನೆರಡರಷ್ಟು ಗರಿಯೆಂದು ಲೆಕ್ಕ ಹಿಡಿದರೆ ಪ್ರಾಯ ಸುಮಾರಾಗಿ ತಿಳಿಯುತ್ತದೆ. ಆದರೆ ಆಕಾಶದಲ್ಲಿ ಬರಿಯ ಚುಕ್ಕೆಯಾಗಿ ಮಿನುಗುವ ನಕ್ಷತ್ರದ ಪ್ರಾಯವನ್ನು ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ದಾರಿ ಮಾಡಿಕೊಟ್ಟವರಲ್ಲಿ, ಬೆಂಗಳೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ವೈನು ಬಪ್ಪು ಅವರು ಒಬ್ಬರು.

ಬಪ್ಪು ಅವರು 1927ನೆಯ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ಮನೆತನ ಮಲಬಾರಿನ ಕಡೆಯದು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದುದರಿಂದ ಬಾಲಕನು ದೂರದರ್ಶಕದ ಮಗ್ಗುಲಲ್ಲಿಯೇ ಬೆಳೆದನು. ಮುಂದೆ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿಗೆ ಹೋದ 1949ರಲ್ಲಿಯೇ ಹೊಸ ಧೂಮಕೇತುವೊಂದನ್ನು ಕಂಡುಹಿಡಿದರು. ಅದು ಇಂದಿಗೂ ಬಪ್ಪು, ಬೋಕ್, ನ್ಯೂಕರ್ಕ್ ಎಂಬ ಮೂವರ ಹೆಸರನ್ನು ಹೊತ್ತಿದೆ.

ಅವರ ಕೀರ್ತಿಗೆ ಮೂಲವಾದ ಕೆಲಸ ನಡೆದುದು ಕ್ಯಾಲಿಫೋರ್ನಿಯದಲ್ಲಿ. ನಕ್ಷತ್ರದ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಬಣ್ಣಗಳ ಪಟ್ಟಿಯೊಂದು ಮೂಡುತ್ತದೆ. ಅದರ ನಡುನಡುವೆ ಕಪ್ಪು ಗೆರೆಗಳಿರುತ್ತವೆ. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಧಾತು ಮೂಡಿಸುವ ಒಂದು ಕಪ್ಪು ಗೆರೆಯ ಮಧ್ಯದಲ್ಲಿ, ತಂಪಾದ ನಕ್ಷತ್ರಗಳಲ್ಲಿ, ಸಣ್ಣದೊಂದು ಬೆಳ್ಗೆರೆ ಕಾಣುತ್ತದೆ. ಆ ಬೆಳ್ಗೆರೆಯ ಅಗಲ ಹೆಚ್ಚಿದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚೆಂಬುದನ್ನು ಆಲಿನ್ ವಿಲ್ಸನ್ ಮತ್ತು ಬಪ್ಪು 1957ರಲ್ಲಿ ಪ್ರಕಟಿಸಿದರು. ಇದೇ ವಿಲ್ಸನ್–ಬಪ್ಪು ಪರಿಣಾಮ. ನಿಜವಾದ ಪ್ರಕಾಶವನ್ನೂ ಕಣ್ಣಿಗೆ ಕಾಣುವ ಪ್ರಕಾಶವನ್ನೂ ಹೋಲಿಸಿದರೆ ದೂರ ತಿಳಿಯುತ್ತದೆ. ದೂರ ತಿಳಿದ ಮೇಲೆ, ಆಕಾಶದಲ್ಲಿ ನಕ್ಷತ್ರವು ವರ್ಷವರ್ಷಕ್ಕೆ ಸರಿಯುವ ಅಲ್ಪ ಕೋನದಿಂದ ಅದರ ವೇಗವನ್ನೂ ಎಣಿಸಬಹುದು.

ವೇಗಕ್ಕೂ ಪ್ರಾಯಕ್ಕೂ ಏನು ನಂಟು? ಆಕಾಶಗಂಗೆಯಲ್ಲಿ ಹೊಸದಾಗಿ ಹುಟ್ಟಿದ ನಕ್ಷತ್ರಗಳು ಜಾತ್ರೆಯ ಮೆರವಣಿಗೆಯಂತೆ ಒಟ್ಟಾಗಿ, ಹೆಚ್ಚುಕಡಮೆ ಒಂದೇ ಜಾಡಿನಲ್ಲಿ ಸಾಗುತ್ತವೆ. ಕೋಟ್ಯಂತರ ವರ್ಷ ಕಳೆದಂತೆ ಅನಿಲದ ಮೋಡಗಳ ಸೆಳೆತಕ್ಕೆ ಸಿಕ್ಕಿ ಜಾಡು ತಪ್ಪುತ್ತವೆ. ಆದುದರಿಂದ ಹಳೆಯ ನಕ್ಷತ್ರಗಳ ಗುಂಪಿನಲ್ಲಿ ಅಡ್ಡಾದಿಡ್ಡಿ ವೇಗ ಹೆಚ್ಚು. ಒಂಟಿ ನಕ್ಷತ್ರಕ್ಕೆ ಈ ಲೆಕ್ಕ ಸಾಲದು. ಗುಂಪಿಗೆ ಮಾತ್ರ ಹೊಂದುತ್ತದೆ. ಒಂಟಿ ನಕ್ಷತ್ರಕ್ಕೆ ಮತ್ತೆ ಆ ಬೆಳ್ಗೆರೆಯೇ ನೆರವಾಗುತ್ತದೆ. ಸೂರ್ಯನಂಥ ನಕ್ಷತ್ರವು ಎಳೆಯದಾಗಿದ್ದಾಗ ಬಿರುಸಾಗಿ ತಿರುಗುತ್ತದೆ, ಬೆಳ್ಗೆರೆ ಪ್ರಖರವಾಗಿರುತ್ತದೆ. ಮುಪ್ಪಾದಂತೆ ತಿರುಗುವುದೂ ನಿಧಾನವಾಗಿ ಬೆಳ್ಗೆರೆಯೂ ಮಂಕಾಗುತ್ತದೆ. ಅಗಲವು ಪ್ರಕಾಶವನ್ನು ಹೇಳಿದರೆ ಪ್ರಖರತೆ ಪ್ರಾಯವನ್ನು ಹೇಳುತ್ತದೆ. ಈ ಎರಡನೆಯ ವಿಷಯವನ್ನು ವಿಲ್ಸನ್ ಮುಂತಾದವರು ಮುಂದುವರಿಸಿದರು.

ವಿದೇಶದಲ್ಲಿಯೇ ನೆಲೆಸಿ ದೊಡ್ಡ ದೂರದರ್ಶಕಗಳ ಸುಖವನ್ನು ಅನುಭವಿಸಬಹುದಾಗಿದ್ದರೂ ಬಪ್ಪು ತಾಯ್ನಾಡಿಗೆ ಮರಳಿದರು. ಉತ್ತರ ಪ್ರದೇಶದ ವೀಕ್ಷಣಾಲಯವನ್ನು ನೈನಿತಾಲಿನಲ್ಲಿ ನೆಲೆಗೊಳಿಸಿದರು. 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅದು 1971ರಲ್ಲಿ ಸ್ವಾಯತ್ತ ಸಂಸ್ಥೆಯಾಗಿ, ಮುಂದೆ ಬೆಂಗಳೂರನ್ನು ಕೇಂದ್ರಸ್ಥಾನ ಮಾಡಿಕೊಂಡಿತು. ಬೆಂಗಳೂರಿಗೆ ಆಗ್ನೇಯದಲ್ಲಿರುವ ಜವಾದಿ ಬೆಟ್ಟಗಳ ಕಾವಲೂರನ್ನು ಆರಿಸಿ, ಕೇವಲ 38 ಸೆಂಟಿಮೀಟರ್ ದರ್ಪಣದ ದೂರದರ್ಶಕದಿಂದ ಅಲ್ಲಿ ಕೆಲಸ ಆರಂಭಿಸಿದರು. 1972ರಲ್ಲಿ ಒಂದು ಮೀಟರಿನ ದೂರದರ್ಶಕ ಬಂದಿತು. 1977ರಲ್ಲಿ ಯುರೇನಸ್ ಗ್ರಹವು ನಕ್ಷತ್ರವೊಂದನ್ನು ಮರೆಮಾಡಿದಾಗ, ಅದರ ಉಂಗುರಗಳ ಅಡ್ಡಿಯಿಂದ ಆ ಬೆಳಕು ಕುಗ್ಗಿದುದನ್ನು ಕಾವಲೂರಿನವರೂ ದಾಖಲಿಸಿದರು. ಇಂದು ಪರನಕ್ಷತ್ರಗಳ ಗ್ರಹಗಳಲ್ಲಿ ಬಹುಪಾಲನ್ನು ಪತ್ತೆಮಾಡುವುದೂ ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ಕುಗ್ಗುವುದನ್ನು ನೋಡಿಯೇ.

ಭಾರತದಲ್ಲಿಯೇ 2.34 ಮೀಟರಿನ ದೂರದರ್ಶಕವನ್ನು ನಿರ್ಮಿಸಬೇಕೆಂಬುದು ಅವರ ಹೆಬ್ಬಯಕೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷಪದವಿ 1979ರಲ್ಲಿ, ಪದ್ಮಭೂಷಣ 1981ರಲ್ಲಿ ಅವರನ್ನು ಅರಸಿ ಬಂದವು. ಆದರೆ ಆ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವ ಭಾಗ್ಯ ಅವರದಾಗಲಿಲ್ಲ. 1982ನೆಯ ಆಗಸ್ಟ್ 19ರಂದು ಮ್ಯೂನಿಕ್ ನಗರದಲ್ಲಿ, ಐವತ್ತೈದರ ಪ್ರಾಯದಲ್ಲಿ ತೀರಿಕೊಂಡರು. 1986ರಲ್ಲಿ ಸಿದ್ಧವಾದ ದೂರದರ್ಶಕಕ್ಕೂ ಕಾವಲೂರಿನ ವೀಕ್ಷಣಾಲಯಕ್ಕೂ ಅವರ ಹೆಸರನ್ನೇ ಇಟ್ಟರು.

ಸೂರ್ಯನಂಥ ನಕ್ಷತ್ರವನ್ನು ಸುತ್ತುವ ಗ್ರಹ ಮೊದಲು ತಿಳಿದುಬಂದುದು 1995ರಲ್ಲಿ. 2025ರ ಹೊತ್ತಿಗೆ ತಿಳಿದುಬಂದ ಎಲ್ಲ ಪರಗ್ರಹಗಳ ಸಂಖ್ಯೆ 6,000ವನ್ನು ದಾಟಿತು. ಗ್ರಹವು ತನ್ನ ನಕ್ಷತ್ರದೊಡನೆಯೇ ಹುಟ್ಟುವುದರಿಂದ, ನಕ್ಷತ್ರದ ಪ್ರಾಯವೇ ಗ್ರಹದ ಪ್ರಾಯ. ಅಲ್ಲಿ ಜೀವ ಮೂಡಲು ಕಾಲ ಸಾಕಾಗಿದೆಯೇ, ವಾಯುಮಂಡಲ ಉಳಿದಿದೆಯೇ ಎಂದು ಕೇಳುವವರೆಲ್ಲ ಮೊದಲು ನಕ್ಷತ್ರದ ಪ್ರಾಯವನ್ನು ತಿಳಿಯಬೇಕು. ಅದಕ್ಕಾಗಿ ಅವರು ಇಂದಿಗೂ ಕ್ಯಾಲ್ಸಿಯಂನ ಆ ಬೆಳ್ಗೆರೆಯನ್ನು ನೋಡುತ್ತಾರೆ, ಗುಂಪಿನ ವೇಗವನ್ನು ಎಣಿಸುತ್ತಾರೆ. ಬಪ್ಪು ಪರಗ್ರಹಗಳನ್ನು ಹುಡುಕಿದವರಲ್ಲ; ಅವನ್ನು ಹುಡುಕುವವರಿಗೆ ಬೇಕಾದ ತಿಳಿವನ್ನೂ ನಮ್ಮ ದೇಶದಲ್ಲಿ ಆ ಕೆಲಸಕ್ಕೆ ಬೇಕಾದ ನೆಲೆಯನ್ನೂ ಮೊದಲೇ ಒದಗಿಸಿಟ್ಟವರು.