ಮಾಗಿಯ ಚಳಿ ಮತ್ತು ಹುಗ್ಗಿಯ ಬೆಳಗು

ಡಿಸೆಂಬರ್ ಮಧ್ಯಭಾಗದಿಂದ ಮಕರ ಸಂಕ್ರಾಂತಿಯವರೆಗೆ ಸೂರ್ಯನು ಧನು ರಾಶಿಯಲ್ಲಿರುವ ತಿಂಗಳನ್ನು ಧನುರ್ಮಾಸ ಎನ್ನುತ್ತಾರೆ. ಕರ್ನಾಟಕದಲ್ಲಿ ಮಾಗಿಯ ಚಳಿ ಕೊರೆಯುವ ಈ ದಿನಗಳಲ್ಲಿ, ದೇವಸ್ಥಾನಗಳಲ್ಲಿಯೂ ಅನೇಕ ಮನೆಗಳಲ್ಲಿಯೂ ನಸುಕಿನಲ್ಲೇ ಪೂಜೆ ಮುಗಿದು ಹುಗ್ಗಿಯ ನೈವೇದ್ಯವಾಗುತ್ತದೆ. ಹೆಸರುಬೇಳೆಯನ್ನು ಘಮ ಬರುವಂತೆ ಹುರಿದು, ಅಕ್ಕಿಯೊಡನೆ ಮೆತ್ತಗೆ ಬೇಯಿಸಿ, ತುಪ್ಪದಲ್ಲಿ ಹುರಿದ ಕಾಳುಮೆಣಸು, ಜೀರಿಗೆ, ಶುಂಠಿಗಳನ್ನೂ ಕೊಬ್ಬರಿ ತುರಿಯನ್ನೂ ಬೆರೆಸಿದ ಈ ಅಡುಗೆ ಹೊಟ್ಟೆ ತುಂಬಿಸುವುದರ ಜೊತೆಗೆ ಚಳಿಗೆ ಮುದುಡಿದ ಮೈಯನ್ನು ಬೆಚ್ಚಗಾಗಿಸುತ್ತದೆ.

ಈ ಆಚರಣೆಯ ಹಿಂದೆ ಋತುಚರ್ಯೆಯ ತಿಳಿವಳಿಕೆಯೂ ಇದೆ. ಋತುಚರ್ಯೆ ಎಂದರೆ ಋತುವಿಗೆ ತಕ್ಕಂತೆ ಊಟ, ಸ್ನಾನ, ನಿದ್ರೆ, ದುಡಿಮೆಗಳನ್ನು ಹೊಂದಿಸಿಕೊಳ್ಳುವ ಕ್ರಮ. ವಾಗ್ಭಟನ 'ಅಷ್ಟಾಂಗಹೃದಯ'ವೆಂಬ ಆಯುರ್ವೇದ ಗ್ರಂಥದ ಮೂರನೆಯ ಅಧ್ಯಾಯ ಪೂರ್ತಿಯಾಗಿ ಇದಕ್ಕೇ ಮೀಸಲಾಗಿದ್ದು, ಮಾರ್ಗಶಿರ ಮತ್ತು ಪುಷ್ಯ ಮಾಸಗಳನ್ನೊಳಗೊಂಡ ಹೇಮಂತ ಋತುವಿನಲ್ಲಿ ಹಸಿವು ಪ್ರಬಲವಾಗಿರುವುದರಿಂದ ಪುಷ್ಟಿಕರ ಆಹಾರ ಸಲ್ಲುತ್ತದೆಂದು ಅದು ಹೇಳುತ್ತದೆ. ಎಣ್ಣೆ ಹಚ್ಚಿಕೊಳ್ಳುವ ಅಭ್ಯಂಗ, ವ್ಯಾಯಾಮ ಮತ್ತು ಹಿತಮಿತವಾದ ಬಿಸಿಲನ್ನು ವಿಧಿಸುವುದಲ್ಲದೆ, ಕಾಲಿಗೆ ಪಾದರಕ್ಷೆ ಇರಬೇಕೆಂಬ ಸಣ್ಣ ಸಂಗತಿಯನ್ನೂ ಮರೆಯುವುದಿಲ್ಲ.

ರೋಗನಿರೋಧಕ ಶಕ್ತಿ ಎಂಬುದು ಯಾವುದೋ ಒಂದು ಅಂಗದಲ್ಲಿ ಅಡಗಿರುವಂಥದ್ದಲ್ಲ. ಚರ್ಮ, ಮೂಗು ಗಂಟಲುಗಳ ಒಳಗಿನ ತೇವವಾದ ಲೋಳೆಪೊರೆ, ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳು, ಇವೆಲ್ಲ ಕೂಡಿ ನಡೆಸುವ ಕಾವಲಿಗೆ ಆ ಹೆಸರು. ಚಳಿಗಾಲದಲ್ಲಿ ಒಣಗಾಳಿ ಲೋಳೆಪೊರೆಯನ್ನು ಒಣಗಿಸುತ್ತದೆ, ಜನರು ಬಾಗಿಲು ಮುಚ್ಚಿದ ಕೋಣೆಗಳಲ್ಲಿ ಒಟ್ಟಾಗಿರುತ್ತಾರೆ. ನೆಗಡಿಯ ವೈರಾಣುಗಳು ಹರಡಲು ಇವು ಮುಖ್ಯ ಕಾರಣಗಳು. ಹೀಗಿರುವಾಗ ಕಾವಲು ಸಡಿಲವಾಗದಂತೆ ನೋಡಿಕೊಳ್ಳುವುದರಲ್ಲಿ ನಿದ್ರೆಯಷ್ಟು ಮುಖ್ಯವಾದುದು ಬೇರೆ ಇಲ್ಲವೆಂದರೂ ತಪ್ಪಾಗದು. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 164 ಮಂದಿಯ ಮೂಗಿಗೆ ನೆಗಡಿಯ ವೈರಾಣುವನ್ನು ಹನಿಸಿ ನೋಡಿದಾಗ, ಆರು ಗಂಟೆಗಿಂತ ಕಡಿಮೆ ಮಲಗುವವರಿಗೆ ನೆಗಡಿ ಬರುವ ಸಂಭವ ಏಳು ಗಂಟೆಗಿಂತ ಹೆಚ್ಚು ಮಲಗುವವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಶಾಲೆಗೆ ಹೋಗುವ ವಯಸ್ಸಿನ, ಎಂದರೆ 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆಗಳ ನಿದ್ರೆ ಬೇಕಾಗುವುದರಿಂದ, ಧನುರ್ಮಾಸದ ನಸುಕಿಗೆ ಏಳಬೇಕೆನ್ನುವ ಮಗು ಹಿಂದಿನ ಸಂಜೆ ಬೇಗನೆ ಮಲಗಲೇಬೇಕು.

ಋತುಚರ್ಯೆ ವಿಧಿಸುವ ಬಿಸಿಲಿನ ವಿಷಯದಲ್ಲಿ ಮಾತ್ರ ಹೊರದೇಶದಲ್ಲಿ ಬೆಳೆಯುವ ಕನ್ನಡ ಮನೆಗಳ ಮಕ್ಕಳ ಸ್ಥಿತಿ ಬೇರೆ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆಂದು ಕೊಬ್ಬರಿ, ಬೆಲ್ಲಗಳನ್ನು ಸಣ್ಣಗೆ ಹೆಚ್ಚಿ ಮಾಳಿಗೆಯ ಮೇಲೆ ಒಣಹಾಕುವ ಬೆಂಗಳೂರು, ಮೈಸೂರುಗಳ ಮನೆಯವರಿಗೆ ಡಿಸೆಂಬರಿನಲ್ಲೂ ಬಿಸಿಲು ಧಾರಾಳವಾಗಿ ಸಿಗುತ್ತದೆ, ಏಕೆಂದರೆ ಈ ಊರುಗಳು ಸುಮಾರು 12ರಿಂದ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. 42 ಡಿಗ್ರಿಯ ಬಾಸ್ಟನ್ನಿನಲ್ಲಿಯೂ 51 ಡಿಗ್ರಿ ದಾಟಿದ ಲಂಡನ್ನಿನಲ್ಲಿಯೂ ನಡು ಚಳಿಗಾಲದ ಸೂರ್ಯ ತೀರ ತಗ್ಗಿನಲ್ಲಿರುವುದರಿಂದ, ಮೂಳೆಗೂ ರೋಗನಿರೋಧಕ ವ್ಯವಸ್ಥೆಗೂ ಬೇಕಾದ ವಿಟಮಿನ್ ಡಿಯನ್ನು ಚರ್ಮ ತಯಾರಿಸಲಾರದು. ಬ್ರಿಟನ್ನಿನ ಆರೋಗ್ಯ ಇಲಾಖೆ ಶರತ್ಕಾಲ ಮತ್ತು ಚಳಿಗಾಲಗಳಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಸೇವಿಸುವ ಬಗ್ಗೆ ಯೋಚಿಸುವಂತೆ ಸಲಹೆ ನೀಡುವುದು ಈ ಕಾರಣಕ್ಕಾಗಿಯೇ. ಅಲ್ಲಿ ಬಿಸಿಲಿನ ಕೆಲಸವನ್ನು ಇಂಥ ಮಾತ್ರೆಯೋ ವಿಟಮಿನ್ ಸೇರಿಸಿದ ಹಾಲೋ ಮಾಡಬೇಕಾಗುತ್ತದೆ. ಆದರೆ ಓಡಾಟ, ಆಟಗಳಿಗೆ ಬದಲಿ ಇಲ್ಲ.

ಎಳ್ಳಿನಲ್ಲಿ ಸತು, ಕಬ್ಬಿಣಗಳಂಥ ಖನಿಜಗಳಿವೆ, ಮೆಣಸಿನ ಕಷಾಯ ಗಂಟಲಿಗೆ ಹಿತ. ಆದರೆ ಇವು ವೈರಾಣುವನ್ನು ಕೊಲ್ಲುತ್ತವೆಂದು ಮಕ್ಕಳಿಗೆ ಹೇಳುವುದು ಸರಿಯಲ್ಲ. ಊಟಕ್ಕೆ ಮೊದಲು 20 ಸೆಕೆಂಡು ಸೋಪಿನಿಂದ ಕೈ ತೊಳೆಯುವುದಕ್ಕೂ ವರ್ಷಕ್ಕೊಮ್ಮೆ ಹಾಕಿಸಬೇಕಾದ ಫ್ಲೂ ಲಸಿಕೆಗೂ ಕಷಾಯ ಸಮನಾಗದು. ಹುಗ್ಗಿ ಉಂಡ ಮನೆಗಳಲ್ಲಿ ಈ ಎರಡೂ ತಪ್ಪದಂತೆ ತಂದೆತಾಯಿಗಳು ನೋಡಿಕೊಳ್ಳಬೇಕು.